ಬೂಟಿನ ಬಣ್ಣಕ್ಕೆ ಬಿಗಿ, ಬೆನ್ನಿನ ಲೆಕ್ಕಕ್ಕೆ ಸಡಿಲ: ಕಲಬುರಗಿಯ ಒಂದು ಬೇಸಿಗೆ ಕ್ರಿಕೆಟ್ ಲೀಗಿನ ಅಂಪೈರಿಂಗ್

ಕಳೆದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿಯ ಖಾಸಗಿ ಕ್ರಿಕೆಟ್ ತರಬೇತಿ ಸಂಸ್ಥೆಯೊಂದು 13 ವರ್ಷದೊಳಗಿನ ಮಕ್ಕಳಿಗಾಗಿ ನಡೆಸಿದ ಲೀಗಿಗೆ ನನ್ನ ಮೊಮ್ಮಗನನ್ನು ಸೇರಿಸಿದ್ದೆ. ಶುಲ್ಕ 1,500 ರೂಪಾಯಿ. ಎಂಟು ತಂಡಗಳು, 25 ಓವರುಗಳ ಪಂದ್ಯಗಳು, ಲೆದರ್ ಚೆಂಡು, ಮ್ಯಾಟ್ ಹಾಸಿದ ಪಿಚ್. ನಾನು 31 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಒಟ್ಟು ಹನ್ನೊಂದು ದಿನ ಬೆಳಗ್ಗೆ ಮೈದಾನದ ಅಂಚಿನ ಬೇವಿನ ಮರದಡಿ ಕುಳಿತು ಪಂದ್ಯಗಳನ್ನು ಪೂರ್ತಿಯಾಗಿ ನೋಡಿದ್ದೇನೆ ಮತ್ತು ಕಂಡದ್ದನ್ನು ಅಂದಂದೇ ಬರೆದಿಟ್ಟುಕೊಂಡಿದ್ದೇನೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನ ಆಕ್ಷೇಪಣೆಗಳನ್ನು ಅವರಿಗೇ ಲಿಖಿತವಾಗಿ ಕೊಟ್ಟಿದ್ದೇನೆ, ಅವುಗಳಲ್ಲಿ ಕೆಲವನ್ನು ಅವರು ಒಪ್ಪಿ ತಿದ್ದಿಕೊಂಡಿದ್ದಾರೆ. ಇಂಥ ಲೀಗುಗಳಿಗೆ ಮಕ್ಕಳನ್ನು ಕಳಿಸುವ ಪಾಲಕರಿಗೆಲ್ಲ ಉಪಯೋಗವಾಗಲಿ ಎಂಬುದಕ್ಕಷ್ಟೇ ಈ ವಿಮರ್ಶೆ.

ಸೌಕರ್ಯಗಳ ಬಗ್ಗೆ ಬೇಗನೆ ಹೇಳಿಬಿಡುತ್ತೇನೆ. ಪಂದ್ಯಗಳು ಹೇಳಿದಂತೆ ಬೆಳಗ್ಗೆ ಆರೂವರೆಗೆ ಶುರುವಾದವು. ಕುಡಿಯುವ ನೀರಿನ ಕ್ಯಾನುಗಳು ಒಂದು ದಿನವೂ ಖಾಲಿಯಾಗಲಿಲ್ಲ. ಏಪ್ರಿಲ್‌ನಲ್ಲೇ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಇದಕ್ಕೆ ಪೂರ್ಣ ಅಂಕ ಕೊಡಲೇಬೇಕು. ಸ್ಕೋರರ್ ಆಗಿದ್ದ ಕಾಲೇಜು ಹುಡುಗಿ ಒಂದು ಎಸೆತದ ಲೆಕ್ಕವನ್ನೂ ತಪ್ಪಿಸಲಿಲ್ಲ. ಶಾಮಿಯಾನ ಒಂದೇ ಇದ್ದುದರಿಂದ ಬ್ಯಾಟಿಂಗಿಗೆ ಕಾಯುವ ಮಕ್ಕಳಿಗಷ್ಟೇ ನೆರಳು ಸಿಕ್ಕಿತು.

ಆದರೆ ಪಾಲಕನೊಬ್ಬ ಲೀಗಿಗೆ ಹಣ ಕಟ್ಟುವುದು ನೀರಿಗಾಗಲೀ ನೆರಳಿಗಾಗಲೀ ಅಲ್ಲ. ಓಣಿಯಲ್ಲಿ ಟೆನಿಸ್ ಚೆಂಡು ಹಿಡಿದು ದಿನವಿಡೀ ಆಡಲು ಯಾರಿಗೂ ಹಣ ಕೊಡಬೇಕಿಲ್ಲ. ಅಲ್ಲಿ ಸಿಗದಿರುವುದು ಎರಡೂ ತಂಡಗಳಿಗೆ ಸೇರದ ಒಬ್ಬರು ನಡುವೆ ನಿಂತು ನಡೆಸಿಕೊಡುವ ಆಟ. ಲೀಗಿನಲ್ಲಿ ನಾವು ಕೊಳ್ಳುವ ಸೇವೆ ಅಂಪೈರಿಂಗ್ ಎಂದೇ ನನ್ನ ತಿಳಿವಳಿಕೆ, ಆದ್ದರಿಂದ ಅದನ್ನೇ ವಿವರವಾಗಿ ಪರೀಕ್ಷಿಸಿದ್ದೇನೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೇ ತೆರೆಯುವುದರಿಂದ ನೌಕರಿಯಲ್ಲಿರುವ ಪಾಲಕರು ಏಳೂವರೆಯೊಳಗೆ ಮೈದಾನ ಬಿಟ್ಟು ಹೋಗುತ್ತಿದ್ದರು. ಆಮೇಲಿನ ಎರಡು ಮೂರು ತಾಸು ಮಕ್ಕಳ ಪಾಲಿಗೆ ನ್ಯಾಯವೆಂದರೆ ಅಂಪೈರ್ ಒಬ್ಬರೇ ಆಗಿರುತ್ತಿದ್ದರು.

ಮೊದಲ ಭಾನುವಾರವೇ ಒಂದು ಘಟನೆ ನಡೆಯಿತು. ಶಹಾಬಾದ್ ಕಡೆಯಿಂದ ಟಂಟಂ ಮಾಡಿಕೊಂಡು ಬಂದಿದ್ದ ಸರ್ಕಾರಿ ಶಾಲೆಯ ಹುಡುಗರ ತಂಡದಲ್ಲಿ ಮೂವರು ಶಾಲೆಗೆ ಹಾಕಿಕೊಳ್ಳುವ ಕಪ್ಪು ಬೂಟನ್ನೇ ಹಾಕಿಕೊಂಡಿದ್ದರು. ಬಿಳಿ ಬೂಟು ಕಡ್ಡಾಯವೆಂದು ಹೇಳಿ ಅಂಪೈರ್ ಮೂವರನ್ನೂ ಗೆರೆಯಾಚೆ ನಿಲ್ಲಿಸಿದರು. ಇಬ್ಬರಿಗೆ ಬೇರೆ ತಂಡದವರು ಬೂಟು ಎರವಲು ಕೊಟ್ಟರು. ಮೂರನೆಯವನ ಅಳತೆಯ ಬೂಟು ಯಾರಲ್ಲೂ ಇರಲಿಲ್ಲವಾದ್ದರಿಂದ ಅವನು ಇಡೀ ಪಂದ್ಯ ಶಾಮಿಯಾನದಲ್ಲಿ ಕುಳಿತ, ಅವನ ತಂಡ ಹತ್ತು ಜನರೊಂದಿಗೆ ಆಡಿತು. ಮನೆಗೆ ಬರುವ ದಾರಿಯಲ್ಲಿ ನನ್ನ ಮೊಮ್ಮಗ ಕೇಳಿದ: "ಮುತ್ಯಾ, ಕರಿ ಬೂಟು ಹಾಕ್ಕೊಂಡ್ರ ಬಾಲ್ ಹಾಕ್ಲಿಕ್ಕ ಬರಂಗಿಲ್ಲೇನು?" ಅವನಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಕುಳಿತು ಕ್ರಿಕೆಟ್ಟಿನ ನಿಯಮಾವಳಿಯನ್ನು ಮೊದಲಿನಿಂದ ಓದಿದೆ. ಲಂಡನ್ನಿನ ಮೇರಿಲ್‌ಬೋನ್ ಕ್ರಿಕೆಟ್ ಕ್ಲಬ್, ಅಂದರೆ ಎಂ.ಸಿ.ಸಿ., ರಚಿಸಿ ಕಾಪಾಡಿಕೊಂಡು ಬಂದಿರುವ ಆ 42 ನಿಯಮಗಳಲ್ಲಿ ಬೂಟಿನ ಬಣ್ಣದ ಮಾತು ಎಲ್ಲಿಯೂ ಇಲ್ಲ. ಅದು ಸಂಸ್ಥೆಯವರೇ ಸೇರಿಸಿದ ನಿಬಂಧನೆ. ಪಂದ್ಯದ ಹಿಂದಿನ ರಾತ್ರಿ ವಾಟ್ಸಾಪ್ ಗುಂಪಿಗೆ ಕಳಿಸಿದ ಇಂಗ್ಲಿಷ್ ಹಾಳೆಯ ಹದಿನಾಲ್ಕನೆಯ ಸಾಲಿನಲ್ಲಿ ಅದನ್ನು ಸೇರಿಸಿದ್ದರು.

ಚಪ್ಪಲಿ ಹಾಕಿಕೊಂಡು ಬಂದವನನ್ನು ಅಂಪೈರ್ ತಡೆದಿದ್ದರೆ ನಾನು ಅವರ ಪರವಾಗಿಯೇ ನಿಲ್ಲುತ್ತಿದ್ದೆ, ಏಕೆಂದರೆ ಜಾರಿ ಬಿದ್ದರೆ ಕಾಲು ಮುರಿಯುವುದು ಹುಡುಗನದೇ. ಕಪ್ಪು ಬೂಟಿನಿಂದ ಯಾರಿಗೂ ನೋವಾಗುವುದಿಲ್ಲ, ಯಾವ ತಂಡಕ್ಕೂ ಲಾಭವಾಗುವುದಿಲ್ಲ. ಸಂಸ್ಥೆಗೆ ತನ್ನ ಲೀಗು ಚೆನ್ನಾಗಿ ಕಾಣಬೇಕೆಂಬ ಆಸೆಯಿದ್ದರೆ ಅದು ತಪ್ಪಲ್ಲ. ಹಾಗಿದ್ದಾಗ ಮುಂದಿನ ಪಂದ್ಯಕ್ಕೆ ತಂದುಕೊಳ್ಳಿರೆಂದು ಹೇಳಿ ಆಡಲು ಬಿಡಬೇಕಿತ್ತು.

ಯಾರಿಗೂ ಲಾಭ ತರದ ಸಣ್ಣ ತಪ್ಪಿಗೆ ಎಷ್ಟು ದಂಡ ಎಂಬ ಈ ಪ್ರಶ್ನೆ ಬೇಸ್‌ಬಾಲ್ ಆಟದಲ್ಲಿ ಬಹಳ ದೊಡ್ಡ ಮಟ್ಟದಲ್ಲಿ ಒಮ್ಮೆ ಎದ್ದಿತ್ತು. 1983ರ ಜುಲೈ 24ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ, ಒಂಬತ್ತನೆಯ ಇನಿಂಗ್ಸಿನಲ್ಲಿ, ಕಾನ್ಸಾಸ್ ಸಿಟಿ ರಾಯಲ್ಸ್ ತಂಡದ ಜಾರ್ಜ್ ಬ್ರೆಟ್ ಹೊಡೆದ ಹೋಮ್ ರನ್ನಿನಿಂದ (ನಮ್ಮ ಸಿಕ್ಸರಿನಂಥ ಹೊಡೆತ) ಅವರ ತಂಡ 5–4ರ ಮುನ್ನಡೆ ಪಡೆಯಿತು. ಆಗ ಯಾಂಕೀಸ್ ತಂಡದ ಮ್ಯಾನೇಜರ್ ಬಿಲ್ಲಿ ಮಾರ್ಟಿನ್, ಹಿಡಿತಕ್ಕೆಂದು ಬ್ಯಾಟಿಗೆ ಸವರುವ ಪೈನ್ ಮರದ ಅಂಟು ಹಿಡಿಕೆಯ ತುದಿಯಿಂದ 18 ಇಂಚಿಗಿಂತ ಮೇಲಕ್ಕೆ ಹೋಗಿದೆಯೆಂದು ಆಕ್ಷೇಪಿಸಿದರು. ಅಂಪೈರುಗಳು ಬ್ಯಾಟರ್ ನಿಲ್ಲುವ ಜಾಗದಲ್ಲಿ ನೆಲಕ್ಕೆ ಹಾಸಿದ 17 ಇಂಚು ಅಗಲದ ಹೋಮ್ ಪ್ಲೇಟಿನ ಪಕ್ಕದಲ್ಲಿ ಬ್ಯಾಟನ್ನಿಟ್ಟು ಅಳೆದು, ಬ್ರೆಟ್ ಔಟ್ ಎಂದು ಸಾರಿದರು. ಪಂದ್ಯವೂ ಅಲ್ಲಿಗೇ ಮುಗಿಯಿತು. ರಾಯಲ್ಸ್ ತಂಡ ದೂರು ಕೊಟ್ಟಿತು. ಅಮೆರಿಕನ್ ಲೀಗಿನ ಅಧ್ಯಕ್ಷರಾಗಿದ್ದ ಲೀ ಮ್ಯಾಕ್‌ಫೇಲ್ ಆ ದೂರನ್ನು ಎತ್ತಿಹಿಡಿದು, ಅಂಪೈರುಗಳ ತೀರ್ಪು ನಿಯಮದ ಉದ್ದೇಶಕ್ಕೆ ಹೊಂದುವುದಿಲ್ಲವೆಂದರು. ಅಂಟು ಮಿತಿ ಮೀರಿದ್ದರೆ ಬ್ಯಾಟನ್ನು ಆಟದಿಂದ ತೆಗೆಯಬೇಕಿತ್ತು, ಹೊಡೆದ ರನ್ನನ್ನು ಅಳಿಸಬಾರದಿತ್ತು ಎಂಬುದು ಆ ನಿರ್ಣಯದ ಸಾರ. ಆಗಸ್ಟ್ 18ರಂದು, ಹೋಮ್ ರನ್ ಆದ ಘಟ್ಟದಿಂದಲೇ ಪಂದ್ಯ ಮುಂದುವರಿದು ರಾಯಲ್ಸ್ 5–4ರಿಂದಲೇ ಗೆದ್ದಿತು. ಲಕ್ಷಾಂತರ ಡಾಲರ್ ಸಂಬಳ ಪಡೆಯುವ ವೃತ್ತಿಪರರ ವಿಷಯದಲ್ಲೇ ಹೀಗೆ ವಿವೇಚಿಸಬಹುದಾದರೆ, ಹನ್ನೆರಡು ವರ್ಷದ ಹುಡುಗನ ಬೂಟಿನ ವಿಷಯದಲ್ಲಿ ಏಕೆ ಆಗಬಾರದು?

ಬೂಟಿನ ಬಣ್ಣದಲ್ಲಿ ಇಷ್ಟು ನಿಷ್ಠುರವಾಗಿದ್ದ ಅದೇ ಅಂಪೈರಿಂಗ್, ಮಕ್ಕಳ ದೇಹಕ್ಕೆ ಸಂಬಂಧಿಸಿದ ನಿಯಮಗಳಲ್ಲಿ ಸಡಿಲವಾಗಿತ್ತು. ಇದು ನನ್ನ ಮುಖ್ಯ ದೂರು, ಮತ್ತು ಇದನ್ನು ನಾನು ಸುಲಭವಾಗಿ ಕ್ಷಮಿಸಲಾರೆ. ಎಂ.ಸಿ.ಸಿ. ನಿಯಮಾವಳಿಯ ಪ್ರಕಾರ ವಯಸ್ಕ ಪುರುಷರ ಚೆಂಡಿನ ತೂಕ 155.9ರಿಂದ 163 ಗ್ರಾಂ. 13 ವರ್ಷದೊಳಗಿನವರ ಚೆಂಡು 133ರಿಂದ 144 ಗ್ರಾಂ ಮಾತ್ರ ಇರಬೇಕು. ಇಲ್ಲಿ ಎಲ್ಲ ಪಂದ್ಯಗಳಿಗೂ ದೊಡ್ಡವರ ಚೆಂಡನ್ನೇ ಬಳಸಿದರು. ಚೆಂಡಿನ ಮೇಲೆ 156 ಎಂದು ಅಚ್ಚಾಗಿದ್ದುದನ್ನು ನಾನೇ ಓದಿದೆ. ಪಂದ್ಯಕ್ಕೆ ಮೊದಲು ಚೆಂಡನ್ನು ಕೈಗೆತ್ತಿಕೊಂಡು ಒಪ್ಪಿಗೆ ಕೊಡುವವರು ಅಂಪೈರುಗಳೇ.

ಅದಕ್ಕಿಂತ ಗಂಭೀರವಾದದ್ದು ಬೌಲಿಂಗ್ ಮಿತಿ. ಒಬ್ಬ ವೇಗದ ಬೌಲರ್ ದಿನಕ್ಕೆ ಐದು ಓವರಿಗಿಂತ ಹೆಚ್ಚು ಹಾಕಬಾರದೆಂದು ಸಂಸ್ಥೆಯ ಹಾಳೆಯಲ್ಲೇ ಬರೆದಿತ್ತು. ಒಳ್ಳೆಯ ನಿಬಂಧನೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯ ಮಾರ್ಗಸೂಚಿ ಕೂಡ 13 ವರ್ಷದೊಳಗಿನ ವೇಗದ ಬೌಲರಿಗೆ ಒಂದು ಸರದಿಯಲ್ಲಿ 5 ಓವರ್, ಇಡೀ ದಿನಕ್ಕೆ 10 ಓವರ್ ಎಂದು ಮಿತಿ ಹಾಕಿದೆ. ಬೆಳೆಯುವ ವಯಸ್ಸಿನಲ್ಲಿ ವೇಗದ ಬೌಲಿಂಗಿನ ಭಾರ ಬೀಳುವುದು ಸೊಂಟದ ಬೆನ್ನೆಲುಬಿನ ಮೇಲೆ. ಅತಿಯಾದರೆ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ತಿಂಗಳುಗಟ್ಟಲೆ ಆಟ ನಿಲ್ಲಿಸಬೇಕಾಗುತ್ತದೆ. ಹೀಗಿದ್ದೂ ಮೂರನೆಯ ವಾರದ ಪಂದ್ಯದಲ್ಲಿ ಆಯೋಜಕರದೇ ತರಬೇತಿಯ ಹುಡುಗನೊಬ್ಬ ಒಂದೇ ಇನಿಂಗ್ಸಿನಲ್ಲಿ ಏಳು ಓವರ್ ಹಾಕಿದ. ಆರನೆಯ ಓವರಿಗೆ ಅವನು ಚೆಂಡು ಹಿಡಿದಾಗಲೇ ಸ್ಕೋರರ್ ಹುಡುಗಿ ಕೈಯೆತ್ತಿ ತಿಳಿಸಿದಳು. ಅಂಪೈರ್ ಹತ್ತಿರ ಬಂದು, "ಆಟ ನಡೀಲಿ ಬಿಡ್ರಿ, ಲಾಸ್ಟಿಗಿ ಮ್ಯಾಚ್ ಟೈಟ್ ಅದ" ಎಂದು ಹೇಳಿ ಹೋದರು. ಬೂಟಿನ ದಿನ ಗೆರೆಯಾಚೆ ನಿಂತ ಹುಡುಗರು ಪರ ಊರಿನವರು; ಈ ದಿನದ ಹುಡುಗ ಸಂಸ್ಥೆಯವನು. ಅಂಪೈರ್ ಬೇಕೆಂದೇ ಪಕ್ಷಪಾತ ಮಾಡಿದರೆಂದು ನಾನು ಹೇಳುವುದಿಲ್ಲ. ಆದರೆ ಗೆರೆಯಾಚೆ ಕುಳಿತ ಮಕ್ಕಳು ಎರಡನ್ನೂ ನೋಡಿದ್ದಾರೆ, ಮಕ್ಕಳು ಇಂಥದ್ದನ್ನು ಮರೆಯುವುದಿಲ್ಲ.

ಇಲ್ಲಿಯೂ ಬೇಸ್‌ಬಾಲಿನವರಿಂದ ಕಲಿಯುವುದಿದೆ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಊರಿನಲ್ಲಿ ಹುಟ್ಟಿದ ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್ ಸಂಸ್ಥೆ, ದೊಡ್ಡವರ ನಿಯಮಗಳನ್ನು ಹಾಗೆಯೇ ತಂದು ಮಕ್ಕಳ ಮೇಲೆ ಹೊರಿಸಲಿಲ್ಲ. ದೊಡ್ಡವರ ಆಟದಲ್ಲಿ, ಬೇಸುಗಳಲ್ಲಿ ಓಟಗಾರರಿರುವಾಗ ಪಿಚರ್, ಅಂದರೆ ಚೆಂಡು ಎಸೆಯುವವನು, ಎಸೆಯಲು ತೊಡಗಿ ನಡುವೆ ನಿಲ್ಲಿಸಿದರೆ ಅದನ್ನು 'ಬಾಕ್' ಎಂದು ಕರೆದು ಓಟಗಾರರನ್ನು ಒಂದೊಂದು ಬೇಸು ಮುಂದಕ್ಕೆ ಕಳಿಸುತ್ತಾರೆ. ಲಿಟಲ್ ಲೀಗಿನ 12 ವರ್ಷದವರೆಗಿನ ವಿಭಾಗದಲ್ಲಿ ಆ ದಂಡನೆ ಇಲ್ಲ. ಆದರೆ ಎಸೆತಗಳ ಲೆಕ್ಕದಲ್ಲಿ ಅವರು ಕಟ್ಟುನಿಟ್ಟು: 9 ಮತ್ತು 10 ವರ್ಷದವರು ದಿನಕ್ಕೆ 75 ಎಸೆತ, 11 ಮತ್ತು 12 ವರ್ಷದವರು 85. ಮಿತಿ ತಲುಪಿದಾಗ ಎದುರಿಗಿರುವ ಬ್ಯಾಟರನ ಸರದಿ ಮುಗಿಸಲು ಅವಕಾಶವಿದೆ. ಆಮೇಲೆ ಪಂದ್ಯ ಎಷ್ಟೇ ಬಿಗಿಯಾಗಿದ್ದರೂ ಆ ಹುಡುಗ ಪಿಚಿಂಗ್ ಬಿಡಬೇಕು. ಕೌಶಲ ಇನ್ನೂ ಬಲಿಯದ ಕಡೆ ಕೈ ಸಡಿಲಿಸಿ, ತೋಳು ಬೆನ್ನುಗಳ ವಿಷಯದಲ್ಲಿ ಕೈ ಬಿಗಿ ಮಾಡಿದ್ದಾರೆ. ನಮ್ಮ ಲೀಗಿನಲ್ಲಿ ನಡೆದದ್ದು ಇದಕ್ಕೆ ನೇರ ವಿರುದ್ಧ.

ಕೌಶಲಕ್ಕೆ ಸಂಬಂಧಿಸಿದ ನಿಯಮವೊಂದು ನನ್ನ ಮೊಮ್ಮಗನ ಮೇಲೆಯೇ ಬಂತು. ಅವನು ಸ್ಪಿನ್ ಹಾಕುತ್ತಾನೆ. ಎಡಗೈ ಬ್ಯಾಟ್ಸ್‌ಮನ್ ಬಂದಾಗ ವಿಕೆಟ್ಟಿನ ಇನ್ನೊಂದು ಬದಿಯಿಂದ ಹಾಕಿ ನೋಡಬೇಕೆನಿಸಿ ಹಾಗೆಯೇ ಓಡಿಬಂದು ಹಾಕಿಬಿಟ್ಟ. ಅಂಪೈರಿಗೆ ತಿಳಿಸದೆ ಬದಿ ಬದಲಿಸಿದ್ದಕ್ಕೆ ನೋಬಾಲ್, ಅದರ ಮೇಲೆ ಫ್ರೀ ಹಿಟ್, ಅಂದರೆ ಬೌಲರಿಗೆ ವಿಕೆಟ್ ಸಿಗದ ಮುಂದಿನ ಎಸೆತ. ಅಂಪೈರ್ ಹೇಳಿದ್ದರಲ್ಲಿ ಅರ್ಧ ಸರಿ. ಬೌಲಿಂಗ್ ಬದಿಯನ್ನು ಹೇಳದೆ ಬದಲಿಸಿದರೆ ನೋಬಾಲ್ ಎಂದು 21ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಆ ನಿಯಮ ಶುರುವಾಗುವುದು ಅಂಪೈರನ ಕರ್ತವ್ಯದಿಂದ: ಬೌಲರ್ ಯಾವ ಕೈಯಿಂದ, ಯಾವ ಬದಿಯಿಂದ ಹಾಕುತ್ತಾನೆಂದು ಅಂಪೈರ್ ಮೊದಲು ಕೇಳಿ ತಿಳಿದು, ಬ್ಯಾಟ್ ಮಾಡುವವನಿಗೆ ಹೇಳಬೇಕು. ಅಂದು ಯಾರನ್ನೂ ಹಾಗೆ ಕೇಳಿದ್ದನ್ನು ನಾನು ಕಾಣಲಿಲ್ಲ. ಕೇಳುವ ರೂಢಿಯಿದ್ದಿದ್ದರೆ, ಹೇಳಬೇಕೆಂಬುದು ಹುಡುಗನಿಗೂ ರೂಢಿಯಾಗಿರುತ್ತಿತ್ತು. ಇನ್ನು ಫ್ರೀ ಹಿಟ್ ಎಂಬುದು ನಿಯಮಾವಳಿಯಲ್ಲಿಯೇ ಇಲ್ಲ. ಅದು ಸೀಮಿತ ಓವರುಗಳ ಪಂದ್ಯಾವಳಿಗಳು ತಾವಾಗಿ ಸೇರಿಸಿಕೊಂಡ ಷರತ್ತು. ಮಕ್ಕಳ ಆಟದಲ್ಲಿ ಅದು ಬೇಕೇ ಎಂದು ಆಯೋಜಕರು ಯೋಚಿಸಬೇಕು.

ಇಷ್ಟು ಓದಿದವರು, ಸಣ್ಣ ನಿಯಮಗಳನ್ನೆಲ್ಲ ಮಕ್ಕಳಿಗೆ ಬಿಟ್ಟುಕೊಡಬೇಕೆಂಬುದು ನನ್ನ ಅಭಿಪ್ರಾಯವೆಂದು ತಿಳಿಯಬಾರದು. ಹಾಗೆ ಬಿಟ್ಟುಕೊಟ್ಟ ಒಂದು ಪಂದ್ಯವನ್ನೂ ನೋಡಿದ್ದೇನೆ. ಎರಡನೆಯ ವಾರ ಬಂದ ಅಂಪೈರ್ ತುಂಬ ಮೃದು ಸ್ವಭಾವದವರು, "ಸಣ್ಣ ಹುಡುಗ್ರು, ಆಡ್ಲಿ" ಎಂದು ಕ್ರೀಸ್ ದಾಟಿದ ನೋಬಾಲುಗಳನ್ನು ಕೊಡಲೇ ಇಲ್ಲ. ಒಬ್ಬ ಎತ್ತರದ ಹುಡುಗ ಗೆರೆಯಿಂದ ಪೂರ್ತಿ ಒಂದು ಹೆಜ್ಜೆ ಮುಂದೆ ಬಂದು ಹಾಕುತ್ತ ನಾಲ್ಕು ವಿಕೆಟ್ ಪಡೆದ. ಅವನಿಗೆ ತೋರಿದ ದಯೆಯ ಬೆಲೆಯನ್ನು ಔಟಾದ ಆ ನಾಲ್ವರು ತೆತ್ತರು. ಅವರಲ್ಲಿ ಒಬ್ಬ ಹುಡುಗ ಅಂದು ಮೊದಲ ಸಲ ಬ್ಯಾಟ್ ಹಿಡಿದು ನಡುವೆ ಹೋಗಿದ್ದವನು. ಆ ಬೌಲರಿಗೂ ಉಪಕಾರವಾಗಲಿಲ್ಲ. ಮುಂದೆ ವಲಯ ಮಟ್ಟದ ಆಯ್ಕೆಗೆ ಹೋದಾಗ ಅಲ್ಲಿನ ಅಂಪೈರ್ ಅವನ ಪ್ರತಿ ಎಸೆತಕ್ಕೂ ಕೈ ಚಾಚುತ್ತಾರೆ, ಆಗ ಓಟದ ಅಳತೆ ತಿದ್ದಲು ಅವನಿಗೆ ಸಮಯವಿರುವುದಿಲ್ಲ. ಸಡಿಲ ಬಿಟ್ಟ ನಿಯಮದ ನಷ್ಟ ಯಾವಾಗಲೂ ಯಾರಾದರೊಬ್ಬರ ತಲೆಯ ಮೇಲೆ ಬೀಳುತ್ತದೆ, ಸಾಮಾನ್ಯವಾಗಿ ಮೈದಾನದಲ್ಲಿ ಮಾತಾಡದೆ ಇರುವ ಹುಡುಗನ ಮೇಲೆ.

ಹಾಗಾದರೆ ಎಷ್ಟು ಬಿಗಿ, ಎಷ್ಟು ಸಡಿಲ? ಇದಕ್ಕೆ ನನಗೆ ಉತ್ತರ ತೋರಿಸಿದವರು ಅದೇ ಲೀಗಿನ ಇನ್ನೊಬ್ಬ ಅಂಪೈರ್. ಅರವತ್ತರ ಸಮೀಪದ ವಯಸ್ಸು, ತಲೆಗೆ ಬಿಳಿ ಟವೆಲ್ ಸುತ್ತಿ ಅದರ ಮೇಲೆ ಟೊಪ್ಪಿಗೆ ಇಟ್ಟುಕೊಳ್ಳುತ್ತಿದ್ದವರು. ಐದು ಪಂದ್ಯಗಳಲ್ಲಿ ಅವರನ್ನು ಗಮನಿಸಿದೆ. ಟಾಸ್ ಆದ ಮೇಲೆ ಎರಡೂ ತಂಡಗಳನ್ನು ಪಿಚ್ಚಿನ ಹತ್ತಿರ ಕೂಡಿಸಿ ಐದೇ ನಿಮಿಷ ಮಾತಾಡುತ್ತಿದ್ದರು, ಅದೂ ಮಕ್ಕಳ ಮಾತಿನಲ್ಲೇ. ಬದಿ ಬದಲಿಸುವಾಗ ಹೇಳಬೇಕು. ನಾನ್ ಸ್ಟ್ರೈಕರ್, ಅಂದರೆ ಬೌಲರನ ಬದಿಗೆ ನಿಂತ ಬ್ಯಾಟರ್, ಬೌಲರನ ಕೈಯಿಂದ ಚೆಂಡು ಬಿಡುವವರೆಗೆ ಬ್ಯಾಟನ್ನು ಗೆರೆಯೊಳಗಿಟ್ಟಿರಬೇಕು. ಹೆಲ್ಮೆಟ್ ಇಲ್ಲದೆ ಬ್ಯಾಟ್ ಮಾಡುವಂತಿಲ್ಲ, ಇದಕ್ಕೆ ಯಾವ ಮಾಫಿಯೂ ಇಲ್ಲ. ಇಷ್ಟು ಹೇಳಿ ಕೊನೆಗೆ, ಕಾಲು ಗೆರೆಯ ಮೇಲೆ ಎಲ್ಲಿ ಬೀಳಬೇಕೆಂಬುದನ್ನು ತಮ್ಮ ಕಾಲನ್ನೇ ಇಟ್ಟು ತೋರಿಸುತ್ತಿದ್ದರು: ಮುಂದಿನ ಕಾಲಿನ ಸ್ವಲ್ಪ ಭಾಗವಾದರೂ, ನೆಲ ಮುಟ್ಟಿರಲಿ ಗಾಳಿಯಲ್ಲಿರಲಿ, ಪಾಪಿಂಗ್ ಕ್ರೀಸಿನ ಹಿಂದಿರಬೇಕು.

ಆಟದ ನಡುವೆಯೂ ಅವರ ಕ್ರಮ ಹಾಗೆಯೇ ಇತ್ತು. ಬೌಲರನ ಹೆಜ್ಜೆ ಗೆರೆಗೆ ಹತ್ತಿರವಾಗುತ್ತಿದೆ ಎನಿಸಿದ ಕೂಡಲೇ, ತಪ್ಪಾಗುವ ಮೊದಲೇ, "ಮಗಾ, ಹತ್ರ ಬರ್ಲಿಕ್ಹತ್ತಿ, ಅರ್ಧ ಹೆಜ್ಜಿ ಹಿಂದಿನಿಂದ ಓಡು" ಎಂದು ಮೆಲ್ಲಗೆ ಹೇಳುತ್ತಿದ್ದರು. ಅದಾದ ಮೇಲೂ ದಾಟಿದರೆ ನೋಬಾಲ್ ಕೂಗುವುದರಲ್ಲಿ ಒಂದು ಕ್ಷಣವೂ ತಡ ಮಾಡುತ್ತಿರಲಿಲ್ಲ. ಕೂಗಿದ ಮೇಲೆ ಕ್ಷಮೆ ಕೇಳುವ ಧ್ವನಿಯೂ ಇರುತ್ತಿರಲಿಲ್ಲ. ಮ್ಯಾಟಿನ ಮೇಲೆ ಎಳೆದ ಸುಣ್ಣದ ಗೆರೆ ಹತ್ತು ಹನ್ನೆರಡು ಓವರಿನೊಳಗೆ ಮಕ್ಕಳ ಬೂಟಿಗೆ ಸಿಕ್ಕಿ ಅಳಿಸಿಹೋಗುತ್ತಿತ್ತು. ಉಳಿದ ಅಂಪೈರುಗಳು ಅಳಿಸಿದ ಗೆರೆಯ ಅಂದಾಜಿನ ಮೇಲೆಯೇ ನೋಬಾಲ್ ಕೊಡುತ್ತಿದ್ದರು. ಇವರು ಮಾತ್ರ ಓವರುಗಳ ನಡುವೆ ಸುಣ್ಣದ ಡಬ್ಬಿ ತರಿಸಿ ಮತ್ತೆ ಎಳೆಸುತ್ತಿದ್ದರು. ಕ್ರೀಸ್ ಮಸುಕಾದಾಗ ಮತ್ತೆ ಗುರುತು ಹಾಕಿಸುವುದು ಅಂಪೈರನ ಅಧಿಕಾರವೆಂದು ನಿಯಮಾವಳಿಯಲ್ಲೇ ಇದೆ. ಕಾಣದ ಗೆರೆಯನ್ನು ದಾಟಿದೆಯೆಂದು ಹುಡುಗನಿಗೆ ದಂಡ ಹಾಕುವುದು ಯಾವ ನ್ಯಾಯವೂ ಅಲ್ಲ.

ಸೊಂಟಕ್ಕಿಂತ ಮೇಲೆ ನೇರವಾಗಿ ಬರುವ ಫುಲ್ ಟಾಸ್ ಚೆಂಡಿನ ವಿಷಯದಲ್ಲಿ ಮಾತ್ರ ಅವರು ಮುನ್ಸೂಚನೆಯ ಮಾತೇ ಆಡುತ್ತಿರಲಿಲ್ಲ. ನೋಬಾಲ್ ಕೊಟ್ಟು, ಅಪಾಯಕಾರಿ ಎನಿಸಿದರೆ ನಾಯಕನನ್ನು ಕರೆದು ಮೊದಲ ಹಾಗೂ ಕೊನೆಯ ಎಚ್ಚರಿಕೆ ಹೇಳುತ್ತಿದ್ದರು. ಮತ್ತೊಮ್ಮೆ ಹಾಗೆ ಹಾಕಿದ ಒಬ್ಬ ಹುಡುಗನಿಂದ ಚೆಂಡು ತೆಗೆಸಿ, ಆ ಇನಿಂಗ್ಸಿನಲ್ಲಿ ಅವನು ಮತ್ತೆ ಬೌಲಿಂಗ್ ಮಾಡದಂತೆ ನೋಡಿಕೊಂಡರು. ಹುಡುಗ ಅತ್ತ. ಪಂದ್ಯ ಮುಗಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದೊಯ್ದು, ಬೆವರಿಗೆ ಚೆಂಡು ಕೈ ಜಾರದಂತೆ ಹಿಡಿಯುವ ಬಗೆಯನ್ನು ತೋರಿಸುತ್ತ ಕಾಲು ಗಂಟೆ ಕಳೆದದ್ದನ್ನೂ ನೋಡಿದೆ.

ಪ್ಯಾಡಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದು ನಮ್ಮ ಭಾಗದ ಬಡ ತಂಡಗಳಿಗೆಲ್ಲ ಸಂಬಂಧಿಸಿದ್ದು. ಔಟಾದ ಮೇಲೆ ಹೊಸ ಬ್ಯಾಟರ್ 3 ನಿಮಿಷದೊಳಗೆ ಚೆಂಡು ಎದುರಿಸಲು ಸಿದ್ಧನಾಗಬೇಕು, ಇಲ್ಲವಾದರೆ ಅವನು 'ಟೈಮ್ಡ್ ಔಟ್' ಎಂದು 40ನೆಯ ನಿಯಮ ಹೇಳುತ್ತದೆ. 2023ರ ನವೆಂಬರ್ 6ರಂದು ದೆಹಲಿಯಲ್ಲಿ, ವಿಶ್ವಕಪ್ ಪಂದ್ಯದಲ್ಲಿ, ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಹೀಗೆ ಔಟಾದ ಮೇಲೆ ಈ ನಿಯಮ ಮಕ್ಕಳ ಬಾಯಲ್ಲೂ ಬಂದಿದೆ. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಹಾಗೆ ಔಟಾದವರಲ್ಲಿ ಅವರೇ ಮೊದಲಿಗರು. ನಮ್ಮ ಲೀಗಿನಲ್ಲಿ ಆಳಂದ ಕಡೆಯಿಂದ ಬಂದ ತಂಡವೊಂದಕ್ಕೆ ಇದ್ದದ್ದು ಎರಡೇ ಜೊತೆ ಪ್ಯಾಡು, ಎರಡು ಹೆಲ್ಮೆಟ್. ಒಬ್ಬ ಔಟಾಗಿ ಹೊರಬಂದು ಪ್ಯಾಡು ಬಿಚ್ಚಿದ ಮೇಲೆಯೇ ಮುಂದಿನವನು ಅದನ್ನು ಕಟ್ಟಿಕೊಳ್ಳಬೇಕು. ಬೆವರಿನಲ್ಲಿ ನೆಂದ ಪಟ್ಟಿಗಳನ್ನು ಸಣ್ಣ ಕೈಗಳು ಬಿಗಿದು ಮುಗಿಸುವಷ್ಟರಲ್ಲಿ ನಾಲ್ಕು ನಿಮಿಷವಾಯಿತು. ಬೂಟಿನ ದಿನದ ಅದೇ ಅಂಪೈರ್ ಗಡಿಯಾರ ನೋಡಿ, ಯಾರೂ ಕೇಳದಿದ್ದರೂ, ತಾವಾಗಿಯೇ ಹುಡುಗನನ್ನು ಔಟ್ ಎಂದು ಸಾರಿದರು. ಎದುರಿನ ತಂಡ ಅಪೀಲು ಮಾಡದೆ ಅಂಪೈರ್ ಯಾರನ್ನೂ ಔಟ್ ಕೊಡುವಂತಿಲ್ಲವೆಂದು 31ನೆಯ ನಿಯಮ ಹೇಳುತ್ತದೆ. ಸಣ್ಣ ನಿಯಮವನ್ನು ಅಕ್ಷರಶಃ ಪಾಲಿಸಲು ಹೋಗಿ ಅವರು ಆಟದ ಬುನಾದಿಯಂಥ ನಿಯಮವನ್ನು ಮುರಿದರು. ಸಮಾಧಾನದ ಸಂಗತಿಯೆಂದರೆ ಎದುರಿನ ತಂಡದ ನಾಯಕ, ಹನ್ನೆರಡರ ಹುಡುಗ, "ಸರ್, ನಾವು ಕೇಳೇ ಇಲ್ಲ, ಅವ ಆಡ್ಲಿ" ಎಂದ. ಅಂಪೈರ್ ತೀರ್ಪು ಹಿಂತೆಗೆದುಕೊಂಡರು.

ಆ ಕ್ಷಣ ನನಗೆ ನೆನಪಾದದ್ದು ಭದ್ರಾವತಿಯ ಜಿ.ಆರ್. ವಿಶ್ವನಾಥ್. 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಅವರು ಭಾರತದ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಅಂಪೈರ್ ಔಟ್ ಕೊಟ್ಟಿದ್ದರೂ, ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಇಯಾನ್ ಬಾಥಮ್ ಜೊತೆಯಾಟ ಬೆಳೆಸಿದರು, ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ಈ ಕಥೆಯನ್ನು ಇಂದಿನ ಮಕ್ಕಳಿಗೆ ಯಾರೂ ಹೇಳಿಲ್ಲ, ಆದರೂ ಆ ಹುಡುಗ ನಾಯಕನಿಗೆ ಸರಿ ಯಾವುದೆಂದು ತಿಳಿದಿತ್ತು.

ನಾನ್ ಸ್ಟ್ರೈಕರ್ ಬೇಗನೆ ಓಡಲು ಹೊರಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಅನೇಕ ಪಾಲಕರಿಗೆ ಒಪ್ಪಿಗೆಯಾಗಲಿಲ್ಲ. ಚೆಂಡು ಹಾಕುವ ಮೊದಲೇ ಗೆರೆ ಬಿಟ್ಟವನ ವಿಕೆಟ್ಟನ್ನು ಬೌಲರ್ ಬೀಳಿಸಿ ಔಟ್ ಮಾಡುವುದು ಮೋಸವೆಂದು ಅವರು ವಾದಿಸಿದರು. ಎಂ.ಸಿ.ಸಿ. ಅದನ್ನು 2022ರಲ್ಲಿ 'ಅನ್ಯಾಯದ ಆಟ'ದ ಅಧ್ಯಾಯದಿಂದ ತೆಗೆದು ರನೌಟ್ ನಿಯಮದೊಳಕ್ಕೆ ಸೇರಿಸಿದೆ. 1947ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ಬಿಲ್ ಬ್ರೌನ್ ಅವರನ್ನು ಹೀಗೆ ಔಟ್ ಮಾಡಿದ ವಿನೂ ಮಂಕಡ್, ಅದೇ ಪ್ರವಾಸದ ಹಿಂದಿನ ಪಂದ್ಯವೊಂದರಲ್ಲಿ ಅವರಿಗೆ ಎಚ್ಚರಿಕೆ ಕೊಟ್ಟಿದ್ದರು. 2016ರ 19 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆಗೆ ಕೊನೆಯ ಓವರಿನಲ್ಲಿ ಗೆಲ್ಲಲು 3 ರನ್ ಬೇಕಿದ್ದಾಗ, ವೆಸ್ಟ್ ಇಂಡೀಸಿನ ಕೀಮೊ ಪಾಲ್ ಎಚ್ಚರಿಕೆಯಿಲ್ಲದೆ ಕೊನೆಯ ವಿಕೆಟ್ಟನ್ನು ಹೀಗೆ ಪಡೆದರು. ನಿಯಮದ ಪ್ರಕಾರ ಅದು ಔಟೇ. ಆದರೆ ಹನ್ನೆರಡು ವರ್ಷದವರ ಆಟದಲ್ಲಿ ಎಚ್ಚರಿಕೆ ಕೊಡುವ ಹೊಣೆಯನ್ನು ಬೌಲರ್ ಹುಡುಗನ ಮೇಲೆ ಹಾಕಬಾರದು. ಟಾಸಿನ ಹೊತ್ತಿಗೆ ಅಂಪೈರ್ ಎಲ್ಲರಿಗೂ ಒಮ್ಮೆ ಹೇಳಿದರೆ ಸಾಕು, ಆಮೇಲೆ ಔಟ್ ಔಟೇ. ಟವೆಲ್ ಸುತ್ತಿದ ಹಿರಿಯರ ಐದು ಪಂದ್ಯಗಳಲ್ಲಿ ಒಬ್ಬ ಹುಡುಗನೂ ಹೀಗೆ ಔಟಾಗಲಿಲ್ಲ. ಉಳಿದ ಪಂದ್ಯಗಳಲ್ಲಿ ಮೂವರು ಆದರು, ಎರಡು ಸಲ ಪಾಲಕರ ನಡುವೆ ಜಗಳವೂ ಆಯಿತು.

ವೈಡ್ ಬಗ್ಗೆ ಒಂದೇ ಮಾತು. ನಿಯಮಾವಳಿಯ ವೈಡ್, ಬ್ಯಾಟರ್ ನಿಂತ ಜಾಗದಿಂದ ಸಹಜ ಹೊಡೆತಕ್ಕೆ ಚೆಂಡು ಎಟುಕುತ್ತದೆಯೇ ಎಂಬ ಅಂಪೈರನ ವಿವೇಚನೆಗೆ ಬಿಟ್ಟದ್ದು. ಲೆಗ್ ಬದಿಗೆ ಸ್ವಲ್ಪ ಸರಿದರೂ ವೈಡ್ ಕೊಡುವುದು ಒಂದು ದಿನದ ಪಂದ್ಯಗಳ ಕಟ್ಟು. ಟಿ.ವಿ.ಯಲ್ಲಿ ಕಂಡ ಆ ಕಟ್ಟನ್ನು ಇಲ್ಲಿ ತಂದುದರಿಂದ ಒಂದು ಪಂದ್ಯದಲ್ಲಿ ಎರಡೂ ಇನಿಂಗ್ಸ್ ಸೇರಿ 48 ವೈಡ್ ಆದವು. ಅಂದರೆ ಎಂಟು ಓವರ್ ಹೆಚ್ಚು, ಸುಮಾರು ಅರ್ಧ ಗಂಟೆ ಹೆಚ್ಚು ಬಿಸಿಲು. ಹತ್ತೂವರೆಗೆ ಇಬ್ಬರು ಮಕ್ಕಳಿಗೆ ತಲೆ ಸುತ್ತು ಬಂತು. ಎರಡೂ ಬದಿಗೆ ಅಗಲವಾದ ಗೆರೆ ಎಳೆದು, ಅದರಾಚೆ ಹೋದದ್ದು ಮಾತ್ರ ವೈಡ್ ಎಂದು ಮೊದಲೇ ಸಾರಿದ್ದರೆ ಎರಡೂ ತಂಡಗಳಿಗೆ ಸಮನಾಗಿರುತ್ತಿತ್ತು.

ಅಂಪೈರುಗಳ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬೂಟಿನ ವಿಷಯದಲ್ಲಿ ನಾನು ದೂರಿದ ತರುಣ ಅಂಪೈರ್ ಒಂದೇ ಬೆಳಗ್ಗೆ ಎರಡು ಪಂದ್ಯಕ್ಕೆ ನಿಲ್ಲುತ್ತಿದ್ದರು, ಜೊತೆಗೆ ಎರಡನೆಯ ಅಂಪೈರ್ ಇರುತ್ತಿರಲಿಲ್ಲ. ಲೆಗ್ ಅಂಪೈರ್ ಸ್ಥಾನದಲ್ಲಿ ಬ್ಯಾಟ್ ಮಾಡುವ ತಂಡದ ಹುಡುಗನೊಬ್ಬನನ್ನು ನಿಲ್ಲಿಸುತ್ತಿದ್ದರು. ನಿಯಮದ ತರಬೇತಿ ಯಾರಾದರೂ ಕೊಟ್ಟರೇ ಎಂದು ಕೇಳಿದಾಗ, ಆ ಇಂಗ್ಲಿಷ್ ಹಾಳೆಯೊಂದನ್ನೇ ಕೊಟ್ಟಿದ್ದರೆಂದು ತಿಳಿಯಿತು. ಹಾಳೆಯಲ್ಲಿ ಬೂಟಿನ ಬಣ್ಣಕ್ಕೂ ಬೌಲರನ ಓವರ್ ಮಿತಿಗೂ ಒಂದೇ ಅಳತೆಯ ಅಕ್ಷರ, ಒಂದೇ ತೂಕ. ಯಾವುದು ಮುಖ್ಯವೆಂದು ಅವರಿಗೆ ಯಾರು ಹೇಳಬೇಕಿತ್ತು? ಹಣ ಪಡೆದ ಸಂಸ್ಥೆಯೇ.

ಮೇ ಮೊದಲ ವಾರ ಇದನ್ನೆಲ್ಲ ಎರಡು ಪುಟದ ಪತ್ರವಾಗಿ ಬರೆದು ಸಂಸ್ಥೆಯ ಮುಖ್ಯಸ್ಥರಿಗೆ ಕೊಟ್ಟೆ. ಅವರು ನನ್ನನ್ನು ಕೂಡಿಸಿಕೊಂಡು ಪೂರ್ತಿ ಓದಿದರು. ಮುಂದಿನ ಪಂದ್ಯದಿಂದ ಬೂಟಿನ ಬಣ್ಣದ ನಿಬಂಧನೆ ಹೋಯಿತು, ನಿಯಮಗಳ ಹಾಳೆ ಕನ್ನಡದಲ್ಲಿ ಬಂತು, ಟಾಸ್ ನಂತರದ ಐದು ನಿಮಿಷದ ಮಾತು ಎಲ್ಲ ಅಂಪೈರುಗಳಿಗೂ ಕಡ್ಡಾಯವಾಯಿತು. ಚೆಂಡುಗಳನ್ನು ಮೊದಲೇ ಖರೀದಿಸಿದ್ದರಿಂದ ಹಗುರ ಚೆಂಡು ಮುಂದಿನ ವರ್ಷವೆಂದರು. ಓವರ್ ಮಿತಿಯನ್ನು ಸ್ಕೋರರ್ ಎಚ್ಚರಿಸಿದಾಗ ಅಂಪೈರ್ ಆಟ ನಿಲ್ಲಿಸಲೇಬೇಕೆಂಬ ನನ್ನ ಬೇಡಿಕೆಗೆ ಮಾತ್ರ ಸ್ಪಷ್ಟ ಉತ್ತರ ಬರಲಿಲ್ಲ. "ನೋಡ್ತೀವ್ರಿ ಸರ್" ಎಂದಷ್ಟೇ ಹೇಳಿದರು. ಫೈನಲ್ ಪಂದ್ಯದಲ್ಲಿ ಅದೇ ವೇಗದ ಹುಡುಗ ಆರು ಓವರ್ ಹಾಕಿದ. ಐದನೆಯ ಓವರಿನಿಂದಲೇ ಎಡಗೈಯಿಂದ ಸೊಂಟ ಒತ್ತಿಕೊಳ್ಳುತ್ತಿದ್ದುದನ್ನು ನಾನು ದೂರದಿಂದಲೇ ಕಂಡೆ.

ಐದರಲ್ಲಿ ಅಂಕ ಕೊಡುವುದಾದರೆ ವ್ಯವಸ್ಥೆಗೆ ನಾಲ್ಕು, ಹಿರಿಯ ಅಂಪೈರಿಗೆ ಐದು, ಒಟ್ಟಾರೆ ಅಂಪೈರಿಂಗಿಗೆ ಎರಡೂವರೆ. ಸ್ಪಿನ್ ಹಾಕುವ ಅಥವಾ ಬ್ಯಾಟ್ ಮಾಡುವ ಮಗುವಿದ್ದರೆ ಈ ಲೀಗಿಗೆ ಕಳಿಸಬಹುದು. ವೇಗದ ಬೌಲರ್ ಮಗುವಿದ್ದರೆ, ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿರಿ: ಚೆಂಡು ಎಷ್ಟು ಗ್ರಾಂ, ದಿನಕ್ಕೆ ಎಷ್ಟು ಓವರ್, ಆ ಲೆಕ್ಕ ಮೀರಿದಾಗ ಆಟ ನಿಲ್ಲಿಸುವವರು ಯಾರು. ಮೂರನೆಯದಕ್ಕೆ ಅವರಿಂದ ಬರವಣಿಗೆಯಲ್ಲಿ ಉತ್ತರ ಸಿಕ್ಕ ದಿನ ಮುಂದಿನ ಬೇಸಿಗೆಯ ಶುಲ್ಕವನ್ನು ನಾನೂ ಕಟ್ಟುತ್ತೇನೆ.